ಬಾಲಂಗೋಚಿ

ಹೊರನಾಡಿನವನೊಬ್ಬ ಕನ್ನಡ ಕಲಿಯುತ್ತಿದ್ದಾನೆ ಎಂದುಕೊಳ್ಳಿ. ಆರು ತಿಂಗಳ ಪಾಠ ಮುಗಿದಿದೆ. ಕೈ ಗೊತ್ತು, ಕೊಡು ಗೊತ್ತು. ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕೂತಿದ್ದಾಗ ಯಾರೋ ‘ಈ ಸಲ ಮಳೆ ಕೈಕೊಟ್ಟಿತು’ ಅನ್ನುತ್ತಾರೆ. ಮಳೆ ನೆರವಿಗೆ ಬಂತು ಎಂದು ತಿಳಿದ ಅವನು ‘ಬಹಳ ಸಂತೋಷ’ ಅಂದುಬಿಡುತ್ತಾನೆ. ಕಟ್ಟೆಯ ಮೇಲಿದ್ದವರೆಲ್ಲ ಅವನ ಮುಖ ನೋಡುತ್ತಾರೆ.

ಅವನದು ತಪ್ಪೆಂದು ಹೇಗೆ ಹೇಳುವುದು? ನಮ್ಮಲ್ಲಿ ಕೈಹಿಡಿದವನು ಕಾಪಾಡುತ್ತಾನೆ, ಕೈಬಿಟ್ಟವನು ತೊರೆಯುತ್ತಾನೆ, ಕೈಮಾಡಿದವನು ಹೊಡೆಯುತ್ತಾನೆ, ಕೈಚೆಲ್ಲಿದವನು ಸೋತು ಕೂರುತ್ತಾನೆ. ಇನ್ನು ‘ಬಿಡು’ ಎಂಬ ಪದವನ್ನು ಅವನಿಗೆ ಹೇಗೆ ವಿವರಿಸುತ್ತೀರಿ? ‘ಅತ್ತುಬಿಟ್ಟಳು’ ಎಂದರೆ ಅತ್ತು, ಆಮೇಲೆ ಏನನ್ನು ಬಿಟ್ಟಳು? ‘ಮರೆತುಹೋಯಿತು’ ಎಂದರೆ ಮರೆತು ಎಲ್ಲಿಗೆ ಹೋಯಿತು? ನಾವ್ಯಾರೂ ಇದನ್ನು ಪಾಠವೆಂದು ಕಲಿತವರಲ್ಲ. ಅಮ್ಮ ಹಾಲಿನ ಲೋಟ ಹಿಡಿದು ‘ಕುಡಿ’ ಅಂದಾಗ ಒಂದು ಗುಟುಕು ಕುಡಿದು ಓಡಬಹುದಿತ್ತು. ‘ಕುಡಿದುಬಿಡು’ ಅಂದಾಗ ಲೋಟ ಖಾಲಿಯಾಗದೆ ಬಿಡುಗಡೆಯಿಲ್ಲ ಎಂದು ಗೊತ್ತಾಗುತ್ತಿತ್ತು. ‘ಬಿಡು’ವಿನ ಅರ್ಥ ನಮ್ಮೊಳಗೆ ಇಳಿದದ್ದು ಆ ಲೋಟದ ತಳದಿಂದ.

‘ಕುಡಿದುಬಿಡು’ ಎಂಬುದಕ್ಕೆ ಇಂಗ್ಲಿಷಿನವರು ಹೇಳುವುದು ‘ಡ್ರಿಂಕ್ ಅಪ್’. ನಾವು ಎರಡನೆಯ ಕ್ರಿಯಾಪದದಿಂದ ಮಾಡಿಸುವ ಕೆಲಸವನ್ನು ಅವರು ಅಪ್, ಔಟ್, ಆಫ್, ಡೌನ್‌ಗಳಂಥ ಪುಟ್ಟ ಪದಗಳಿಂದ ಮಾಡಿಸುತ್ತಾರೆ. ಗಾಳಿಪಟಕ್ಕೆ ಹಳೆಯ ಸೀರೆಯ ಅಂಚು ಹರಿದು ಬಾಲಂಗೋಚಿ ಕಟ್ಟಿದ್ದು ನೆನಪಿದೆಯೇ? ನೋಡಿದರೆ ಚಿಂದಿ ಬಟ್ಟೆ. ಆದರೆ ಅದು ತಪ್ಪಿದರೆ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಈ ಪುಟ್ಟ ಪದಗಳೂ ಹಾಗೆಯೇ. ‘ಗಿವ್’ ಎಂದರೆ ಕೊಡು. ಬಾಲಂಗೋಚಿಯಾಗಿ ‘ಅಪ್’ ಕಟ್ಟಿದರೆ ಕೈಚೆಲ್ಲು, ‘ಇನ್’ ಕಟ್ಟಿದರೆ ಮಣಿ, ‘ಅವೇ’ ಕಟ್ಟಿದರೆ ದಾನ ಮಾಡು ಅಥವಾ ಗುಟ್ಟು ಬಿಟ್ಟುಕೊಡು. ಕ್ರಿಯಾಪದ ಒಂದೇ, ಹಾರುವ ದಿಕ್ಕು ಬೇರೆ ಬೇರೆ.

ಈ ಜೋಡಿಗಳಿಗೆ ಇಂದು ಫ್ರೇಸಲ್ ವರ್ಬ್ ಎಂಬ ಹೆಸರಿದೆ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತಮ್ಮ ಪುಸ್ತಕವೊಂದರಲ್ಲಿ ಆ ಹೆಸರನ್ನು ಬಳಸಿದರು. ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಾಗಿದ್ದ ಹೆನ್ರಿ ಬ್ರಾಡ್ಲಿ. ಆದರೆ ಇವು ಕೊಡುವ ಕಾಟವನ್ನು ಬಹಳ ಹಿಂದೆಯೇ ಗುರುತಿಸಿದ್ದು ಸ್ಯಾಮ್ಯುಯೆಲ್ ಜಾನ್ಸನ್. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಇವೇ ಎಂದು ಆತ ಬರೆದ. ಕೆಲವು ಜೋಡಿಗಳ ಅರ್ಥ ಮೂಲ ಪದಗಳಿಂದ ಎಷ್ಟು ದೂರ ಸರಿದಿದೆಯೆಂದರೆ, ಯಾವ ಜಾಣನೂ ಅವು ನಡೆದು ಬಂದ ದಾರಿಯನ್ನು ಪತ್ತೆ ಹಚ್ಚಲಾರ ಎಂಬುದು ಅವನ ಅಭಿಪ್ರಾಯವಾಗಿತ್ತು. ಆ ದೊಡ್ಡ ಮನುಷ್ಯನ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಎಷ್ಟೋ ಜೋಡಿಗಳ ದಾರಿ ಇನ್ನೂ ಅಳಿಸಿಹೋಗಿಲ್ಲ. ಅದನ್ನು ಕಾಣಿಸಲು ಕತೆ ಬೇಕು, ಅಷ್ಟೆ.

ಒಂದು ಹಳೆಯ ಕತೆ. 1139ರ ಬೇಸಿಗೆ, ಇಂಗ್ಲೆಂಡಿನ ಆಕ್ಸ್‌ಫರ್ಡ್. ಸಿಂಹಾಸನದ ಮೇಲೆ ಸ್ಟೀಫನ್ ಎಂಬ ರಾಜ. ಸಿಂಹಾಸನ ತನ್ನದೆಂದು ಹೇಳುವ ಮಟಿಲ್ಡಾ ಎಂಬ ರಾಜಕುಮಾರಿ ಕಡಲಾಚೆ ಕಾಯುತ್ತಿದ್ದಾಳೆ. ರಾಜನಿಗೆ ತನ್ನವರ ಮೇಲೆಯೇ ಅನುಮಾನ. ಅದರಲ್ಲೂ ಸಾಲ್ಸ್‌ಬರಿಯ ಬಿಷಪ್ ರೋಜರ್ ಮತ್ತು ಅವನ ಬಂಧುಗಳ ಮೇಲೆ. ಇವರು ದೇವರ ಸೇವೆಯವರಾದರೂ ಕಟ್ಟಿಸಿದ್ದು ಒಂದಲ್ಲ ಎರಡಲ್ಲ, ಹಲವು ಕೋಟೆಗಳನ್ನು. ಆಸ್ಥಾನಕ್ಕೆ ಬಂದವರನ್ನು ರಾಜ ಅಲ್ಲಿಯೇ ಹಿಡಿಸಿ ಸೆರೆಯಲ್ಲಿಟ್ಟ. ಬಂಧುಗಳಲ್ಲೊಬ್ಬ ತಪ್ಪಿಸಿಕೊಂಡು ಡಿವೈಜಸ್ ಕೋಟೆ ಸೇರಿ ಬಾಗಿಲು ಹಾಕಿಕೊಂಡ. ಕೋಟೆ ಕೊಡದಿದ್ದರೆ ಸೆರೆಯಲ್ಲಿರುವ ಇನ್ನೊಬ್ಬ ಬಂಧು, ಬಿಷಪ್‌ನ ಹೆಸರನ್ನೇ ಹೊತ್ತ ತರುಣ ರೋಜರನನ್ನು ಗಲ್ಲಿಗೇರಿಸುವುದಾಗಿ ರಾಜ ಬೆದರಿಸಿದ. ಕೋಟೆಯ ಬಾಗಿಲು ತೆರೆಯಿತು. ಹೀಗೆ ಒಂದೊಂದಾಗಿ ಕೋಟೆಗಳೆಲ್ಲ ರಾಜನ ವಶವಾದವು.

ಹದಿನೈದು ವರ್ಷಗಳ ತರುವಾಯ ಪೀಟರ್‌ಬರೋ ಮಠದ ಸನ್ಯಾಸಿಯೊಬ್ಬ ಈ ಸಂಗತಿಯನ್ನು ವೃತ್ತಾಂತದಲ್ಲಿ ಬರೆದಿಟ್ಟ. ಕೋಟೆಗಳನ್ನು ಒಪ್ಪಿಸುವ ತನಕ ಅವರನ್ನು ಸೆರೆಯಲ್ಲಿಟ್ಟರು ಎನ್ನುವಲ್ಲಿ ‘ಒಪ್ಪಿಸು’ ಎಂಬುದಕ್ಕೆ ಅವನು ಹಾಕಿದ್ದು ಅಂದಿನ ಕಾಗುಣಿತದ ‘ಗಿವ್ ಅಪ್’. ನಮಗೆ ಸಿಕ್ಕಿರುವ ಅತಿ ಹಳೆಯ ಉದಾಹರಣೆಗಳಲ್ಲಿ ಅದೂ ಒಂದು. ಅಲ್ಲಿ ‘ಗಿವ್’ ಇನ್ನೂ ‘ಕೊಡು’ವೇ ಆಗಿದೆ. ತನಗಿಂತ ಮೇಲಿರುವವನ ಕೈಗೆ ತನ್ನದನ್ನು ಎತ್ತಿ ಕೊಡುವುದು. ಮುಂದೆ ಕೋಟೆಯ ಜಾಗಕ್ಕೆ ಹಕ್ಕು ಬಂತು, ಹಕ್ಕಿನ ಜಾಗಕ್ಕೆ ಆಸೆ ಬಂತು, ಆಸೆಯ ಜಾಗಕ್ಕೆ ಬೀಡಿ ಸಿಗರೇಟು ಬಂತು. ಇವತ್ತು ವೈದ್ಯರು ‘ಗಿವ್ ಅಪ್ ಸ್ಮೋಕಿಂಗ್’ ಅಂದಾಗಲೂ ಕಿವಿಗೊಟ್ಟು ಕೇಳಿದರೆ ಒಂದು ಕೋಟೆಯ ಬಾಗಿಲು ತೆರೆಯುವ ಸದ್ದಿದೆ. ಈ ಕತೆ ತಿಳಿದ ಮೇಲೆ ‘ಗಿವ್ ಅಪ್’ ಮರೆತವರನ್ನು ನಾನು ಕಂಡಿಲ್ಲ.

ಅದಕ್ಕೂ ಮೊದಲು ಇಂಗ್ಲಿಷಿನ ಬಾಲಂಗೋಚಿಗಳು ಹಿಂದಲ್ಲ, ಮುಂದೆ ಇರುತ್ತಿದ್ದವು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’, ‘ಓವರ್‌ಕಮ್’ ಆ ಕಾಲದಿಂದ ಉಳಿದುಬಂದವು. ಈ ಮುಂಪದಗಳು ಸವೆಯುತ್ತ ಹೋದವು. ಉತ್ತರದಿಂದ ಬಂದ ನಾರ್ಸ್ ಜನರ ನುಡಿಯ ಪ್ರಭಾವವೂ ಸೇರಿ, ಪುಟ್ಟ ಪದಗಳು ಹಿಂದೆ ಸರಿದು ನಿಂತವು. ಇತ್ತ 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಸ್ಥಾನ, ನ್ಯಾಯ, ಧರ್ಮಗಳ ಭಾಷೆಯೆಲ್ಲ ಫ್ರೆಂಚ್ ಮತ್ತು ಲ್ಯಾಟಿನ್ ಆಯಿತು. ಇಂಗ್ಲಿಷ್ ಎರಡು ಅಂತಸ್ತಿನ ಮನೆಯಾದದ್ದು ಹೀಗೆ. ಮಹಡಿಯ ಮೇಲೆ ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಇನ್ವೆಸ್ಟಿಗೇಟ್’. ಕೆಳಗೆ ಅಡುಗೆಮನೆಯಲ್ಲಿ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಲುಕ್ ಇನ್‌ಟು’.

ನಮಗೆ ಇದು ಹೊಸ ವಾಸ್ತುವೇನಲ್ಲ. ‘ಪರಿತ್ಯಜಿಸು’ ಎಂದು ಬರೆಯುವವರೂ ಮನೆಯಲ್ಲಿ ‘ಬಿಟ್ಟುಬಿಡು’ ಅನ್ನುತ್ತಾರೆ. ‘ನಿರಾಕರಿಸಲಾಗಿದೆ’ ಎಂಬ ಆದೇಶ ಬಸ್ಸಿನಲ್ಲಿ ‘ತಳ್ಳಿಹಾಕಿದರಂತೆ’ ಆಗುತ್ತದೆ. ಪಠ್ಯಪುಸ್ತಕದಿಂದ ಇಂಗ್ಲಿಷ್ ಕಲಿತ ನಮಗೆ ಸಿಕ್ಕಿದ್ದು ಮಹಡಿಯ ಮೆಟ್ಟಿಲು ಮಾತ್ರ. ‘ಟಾಲರೇಟ್’ ಬರುತ್ತದೆ, ‘ಪುಟ್ ಅಪ್ ವಿತ್’ ಬಂದಾಗ ತಡವರಿಸುತ್ತೇವೆ. ನಮ್ಮಲ್ಲಿ ಮಾತ್ರವೇ ಹೀಗೆ ಎಂದು ಕುಗ್ಗಬೇಕಾಗಿಲ್ಲ. 1985ರಲ್ಲಿ ಡಗುಟ್ ಮತ್ತು ಲೌಫರ್ ಇಸ್ರೇಲಿನ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಅವರೂ ಫ್ರೇಸಲ್ ವರ್ಬ್‌ಗಳನ್ನು ತಪ್ಪಿಸಿ ಒಂಟಿ ಪದಗಳಿಗೇ ಅಂಟಿಕೊಳ್ಳುವುದು ಕಂಡಿತು. ಅವರ ಹೀಬ್ರೂ ಭಾಷೆಯಲ್ಲಿ ಇಂಥ ಜೋಡಿಗಳಿಲ್ಲ. ಆದರೆ ನಾಲ್ಕು ವರ್ಷಗಳ ಅನಂತರ ಇಂಥ ಕ್ರಿಯಾಪದಗಳಿರುವ ಡಚ್ ಭಾಷೆಯ ವಿದ್ಯಾರ್ಥಿಗಳೂ, ನುಡಿಗಟ್ಟಿನಂಥವು ಎದುರಾದಾಗ ಹಿಂಜರಿದದ್ದು ಇನ್ನೊಂದು ಅಧ್ಯಯನದಲ್ಲಿ ಗೊತ್ತಾಯಿತು.

ಇಂಗ್ಲಿಷ್ ಈ ಪುಟ್ಟ ಪದಗಳನ್ನು ಇಷ್ಟು ನೆಚ್ಚಿಕೊಳ್ಳಲು ಕಾರಣವೇನು? ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ ಕೊಡುವ ಉತ್ತರ ನನಗೆ ಬಹಳ ಇಷ್ಟ. ಚಲನೆಯೊಂದನ್ನು ಹೇಳುವಾಗ ದಾರಿ ಯಾವುದು ಎಂಬುದನ್ನು ಭಾಷೆ ಎಲ್ಲಿ ಇಡುತ್ತದೆ ಎಂದು ಅವರು ನೋಡಿದರು. ಬಾಟಲಿಯೊಂದು ನೀರಿನಲ್ಲಿ ಗುಹೆಯೊಳಗೆ ಸೇರುತ್ತಿದೆ. ಇಂಗ್ಲಿಷಿನವರ ಮುಖ್ಯ ಕ್ರಿಯಾಪದ ತೇಲುವುದು. ಒಳಗೆ ಹೋಗುವ ಕೆಲಸವನ್ನು ‘ಇನ್‌ಟು’ ಒಂದೇ ನಿಭಾಯಿಸುತ್ತದೆ. ನಾವು ‘ತೇಲುತ್ತ ಒಳಗೆ ಹೋಯಿತು’ ಅನ್ನುತ್ತೇವೆ. ನಮಗೆ ಹೋಗುವುದು ಮುಖ್ಯ, ತೇಲುವುದು ಅದರ ರೀತಿ. ಸ್ಪ್ಯಾನಿಷಿನವರೂ ಹೀಗೆಯೇ. ನಮ್ಮ ನೆರೆಯ ತಮಿಳನ್ನೂ ಟಾಲ್ಮಿ ಈ ಗುಂಪಿಗೇ ಸೇರಿಸಿದ್ದಾರೆ. ದಾರಿಯ ಭಾರವನ್ನೆಲ್ಲ ಬಾಲಂಗೋಚಿಯ ಮೇಲೆ ಹೊರಿಸಿದ ಭಾಷೆಯಲ್ಲಿ ನಾವು ಬಾಲಂಗೋಚಿಯನ್ನೇ ಕಡೆಗಣಿಸಿ ಓದುತ್ತೇವೆ. ಎಡವುವುದು ಅಲ್ಲಿ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ‘ರನ್ ಔಟ್’ ನನಗೆ ಗೊತ್ತಿದ್ದದ್ದು ರೇಡಿಯೊದ ಕ್ರಿಕೆಟ್ ಕಾಮೆಂಟರಿಯಿಂದ. ಮೊದಲ ಬಾರಿಗೆ ಇಂಗ್ಲಿಷ್ ಕತೆಯೊಂದರಲ್ಲಿ ‘ಅವರ ಹಾಲು ರನ್ ಔಟ್ ಆಯಿತು’ ಎಂಬ ಅರ್ಥದ ಸಾಲು ಎದುರಾದಾಗ ಪುಟ ಮುಂದೆ ಹೋಗಲೇ ಇಲ್ಲ. ಅಂದು ಯಾರಾದರೂ ನನ್ನನ್ನು ಒಂದು ಹಂಡೆಯ ಮುಂದೆ ಕೂರಿಸಿ, ನಲ್ಲಿ ತಿರುಗಿಸಿ, ನೀರು ಹರಿದು ಹೊರಗೆ ಹೋಗುವುದನ್ನು ತೋರಿಸಿದ್ದರೆ ಸಾಕಿತ್ತು. ಹರಿಯುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಎನ್ನುತ್ತಾರೆ. ಹರಿದು ಹರಿದು ಹೊರಗೆ ಹೋದದ್ದು ತೀರಿಹೋಗುತ್ತದೆ. ಹಾಲು, ದುಡ್ಡು, ಸಮಯ, ತಾಳ್ಮೆ ಎಲ್ಲ ಆ ಹಂಡೆಯವೇ.

ಇದೇ ‘ಔಟ್’ ಬಗ್ಗೆ ಒಂದು ಒಗಟಿದೆ. ಚುಕ್ಕಿಗಳು ‘ಕಮ್ ಔಟ್’ ಆದರೆ ಕಾಣುತ್ತವೆ. ದೀಪ ‘ಗೋ ಔಟ್’ ಆದರೆ ಕಾಣುವುದಿಲ್ಲ. ಒಂದೇ ‘ಔಟ್’ ಒಮ್ಮೆ ಬೆಳಕು ತರುತ್ತದೆ, ಒಮ್ಮೆ ಕತ್ತಲು. 1981ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದಲ್ಲಿ ಸೂಸನ್ ಲಿಂಡ್ನರ್ ಎಂಬುವರು ‘ಅಪ್’ ಮತ್ತು ‘ಔಟ್’ ಎರಡನ್ನೇ ಹಿಡಿದು ಇಡೀ ಪಿಎಚ್‌ಡಿ ಪ್ರಬಂಧ ಬರೆದರು. ಗುಟ್ಟು ಇರುವುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲಿ. ಮರೆಯಿಂದ ಹೊರಬಿದ್ದು ನಮ್ಮ ಕಡೆಗೆ ಬಂದರೆ ‘ಕಮ್ ಔಟ್’. ನಮ್ಮ ಕಣ್ಣಳತೆಯಿಂದ ಹೊರಗೆ ಹೋದರೆ ‘ಗೋ ಔಟ್’. ಈ ವಿವರಣೆ ನಮ್ಮ ಮನೆಗಳಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಸುತ್ತದೆ: ಕರೆಂಟು ಹೋಯಿತು, ಕರೆಂಟು ಬಂತು. ಎಲ್ಲಿಗೆ ಹೋಯಿತು ಎಂದು ಯಾವ ಮಗುವೂ ಕೇಳುವುದಿಲ್ಲ.

ಇಷ್ಟೊಂದು ಜೋಡಿಗಳನ್ನು ಕಲಿಯುವುದೆಂತು ಎಂದು ಎದೆಗುಂದುವವರಿಗೆ ಒಂದು ಸಮಾಧಾನದ ಲೆಕ್ಕವಿದೆ. ಗಾರ್ಡ್ನರ್ ಮತ್ತು ಡೇವೀಸ್ 2007ರಲ್ಲಿ ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಭಂಡಾರವನ್ನು ಜಾಲಾಡಿದರು. ಅದರಲ್ಲಿ ಬರುವ ಫ್ರೇಸಲ್ ವರ್ಬ್ ಬಳಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇವಲ 100 ಜೋಡಿಗಳದು. ಆದರೆ ಒಂದೊಂದಕ್ಕೂ ಸರಾಸರಿ ಐದಕ್ಕಿಂತ ಹೆಚ್ಚು ಅರ್ಥ. 2015ರಲ್ಲಿ ಗಾರ್ನಿಯೆ ಮತ್ತು ಶ್ಮಿಟ್ 150 ಜೋಡಿಗಳನ್ನು ಆರಿಸಿ, ನಿಜವಾಗಿ ಹೆಚ್ಚು ಬಳಕೆಯಲ್ಲಿರುವ ಅರ್ಥಗಳನ್ನು ಮಾತ್ರ ಉಳಿಸಿಕೊಂಡಾಗ ಒಟ್ಟು 288 ಆದವು. 288 ಪುಟ್ಟ ಸನ್ನಿವೇಶಗಳು. ಒಂದು ವರ್ಷದ ಸಂಜೆಗಳು ಸಾಕು.

ಪಟ್ಟಿ ಮಾಡಿ ಉರು ಹೊಡೆದರಾಗದೇ? 1969ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಾರ್ಡನ್ ಬೋವರ್ ಮತ್ತು ಮೈಕಲ್ ಕ್ಲಾರ್ಕ್ ಒಂದು ಸರಳ ಪ್ರಯೋಗ ಮಾಡಿದರು. ತಲಾ ಹತ್ತು ಪದಗಳ ಹನ್ನೆರಡು ಪಟ್ಟಿಗಳು. ಒಂದು ಗುಂಪಿನವರು ಪ್ರತಿ ಪಟ್ಟಿಯ ಪದಗಳನ್ನು ಕೋದು ತಾವೇ ಒಂದು ಕತೆ ಕಟ್ಟಬೇಕು. ಇನ್ನೊಂದು ಗುಂಪಿನವರು ಅಷ್ಟೇ ಹೊತ್ತು ತಮಗೆ ತೋಚಿದಂತೆ ಕಲಿಯಬೇಕು. ಒಂದು ಪಟ್ಟಿ ಮುಗಿದ ಕೂಡಲೇ ಕೇಳಿದರೆ ಎರಡೂ ಗುಂಪು ಸರಿಸಮ. ಆದರೆ ಹನ್ನೆರಡೂ ಮುಗಿದ ಮೇಲೆ ಎಲ್ಲವನ್ನೂ ಕೇಳಿದಾಗ, ಕತೆ ಕಟ್ಟಿದವರು ಸುಮಾರು ಶೇ. 93ರಷ್ಟು ಪದಗಳನ್ನು ಹೇಳಿದರು. ಉಳಿದವರು ಶೇ. 13ರಷ್ಟು. ಈ ಎರಡು ಸಂಖ್ಯೆಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕು ಎಂದು ನನಗೆ ಅನಿಸುತ್ತದೆ.

ನಮ್ಮ ವ್ಯಾಕರಣ ಪುಸ್ತಕಗಳು ಮಾಡುವ ಇನ್ನೊಂದು ಅನ್ಯಾಯವಿದೆ. ‘ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್’ ಎಂದು ಒಂದೇ ಕ್ರಿಯಾಪದದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತವೆ. ಅವಳಿಜವಳಿಗಳಂತೆ ಕಾಣುವ ಇವುಗಳ ಹೆಸರು ಒಂದಕ್ಕೊಂದು ಬೆರೆಯುವುದು ಸಹಜ. 1990ರ ದಶಕದಲ್ಲಿ ಥಾಮಸ್ ಟಿಂಕಮ್ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕೊಟ್ಟಾಗ ಕಲಿಕೆ ಕುಂಟಿತು. ಒಂದೇ ಸನ್ನಿವೇಶಕ್ಕೆ ಸೇರಿದ ಪದಗಳನ್ನು ಕೊಟ್ಟಾಗ ಸಲೀಸಾಯಿತು. ಕಪ್ಪೆ, ಕೊಳ, ಜಿಗಿ ಎಂಬಂಥವು ಜೊತೆಯಾಗಿದ್ದರೆ ನಿಲ್ಲುತ್ತವೆ. ಅಂದರೆ ಕ್ರಿಯಾಪದಗಳನ್ನು ಜೋಡಿಸಬೇಕಾದದ್ದು ಕುಲ ನೋಡಿಯಲ್ಲ, ಪ್ರಯಾಣ ನೋಡಿ.

ಒಂದು ಪ್ರಯಾಣವನ್ನೇ ನೋಡೋಣ. ನಾವು ದಿನವೂ ಮಾತಾಡುವ ಬೆರಕೆಯಲ್ಲಿಯೇ ಹೇಳುತ್ತೇನೆ.

ಮಗಳಿಗೆ ಬೆಂಗಳೂರಿನಲ್ಲಿ ಬೆಳಗ್ಗೆ ಹತ್ತಕ್ಕೆ ಸಂದರ್ಶನ. ತಾಯಿ ಮಗಳು ರಾತ್ರಿ ಒಂಬತ್ತಕ್ಕೆ ತೀರ್ಥಹಳ್ಳಿಯಿಂದ ‘ಸೆಟ್ ಆಫ್’ ಆದರು. ಕಡೂರು ದಾಟಿದ ಮೇಲೆ ಬಸ್ಸು ‘ಬ್ರೇಕ್ ಡೌನ್’ ಆಯಿತು. ಎಲ್ಲರೂ ‘ಗೆಟ್ ಆಫ್’ ಆಗಿ ಚಳಿಯಲ್ಲಿ ನಿಂತರು. ಡ್ರೈವರಣ್ಣ ಟಾರ್ಚು ಹಿಡಿದು ಇಂಜಿನ್ನಿನೊಳಗೆ ಬಗ್ಗಿ ನೋಡಿದ. ಏನಾಗಿದೆಯೆಂದು ‘ಫಿಗರ್ ಔಟ್’ ಮಾಡಲು ಆಗಲಿಲ್ಲ. ಮಗಳ ಫೋನಿನ ಚಾರ್ಜು ‘ರನ್ ಔಟ್’ ಆಯಿತು. ಒಂದು ಗಂಟೆ ಸೊಳ್ಳೆಯನ್ನೂ ಪಕ್ಕದವರ ಗೊಣಗನ್ನೂ ‘ಪುಟ್ ಅಪ್ ವಿತ್’ ಮಾಡಿದ್ದಾಯಿತು. ಮಗಳು ‘ಗಿವ್ ಅಪ್’ ಮಾಡಿ ಕಲ್ಲಿನ ಮೇಲೆ ಕೂತಳು. ‘ಸುಮ್ಮನಿರು ಮಗಾ, ಯಾರಾದರೂ ಬರ್ತಾರೆ’ ಅಂದಳು ತಾಯಿ. ಅಷ್ಟರಲ್ಲಿ ತೆಂಗಿನಕಾಯಿ ತುಂಬಿದ ಲಾರಿಯೊಂದು ‘ಟರ್ನ್ ಅಪ್’ ಆಯಿತು. ಲಾರಿಯವನು ಇಬ್ಬರನ್ನೂ ‘ಪಿಕ್ ಅಪ್’ ಮಾಡಿ, ಬೆಳಕು ಹರಿಯುವ ಹೊತ್ತಿಗೆ ತುಮಕೂರಿನಲ್ಲಿ ‘ಡ್ರಾಪ್ ಆಫ್’ ಮಾಡಿದ. ‘ಎಷ್ಟಪ್ಪಾ?’ ಎಂದು ತಾಯಿ ಸೆರಗಿನ ಗಂಟು ಬಿಚ್ಚಿದರೆ, ‘ಬೇಡಮ್ಮಾ, ನನಗೂ ತಂಗಿ ಇದ್ದಾಳೆ’ ಅಂದ. ಮಗಳು ಕಚೇರಿ ಮುಟ್ಟಿದಾಗ ಗೊತ್ತಾಯಿತು, ಸಂದರ್ಶನವನ್ನು ನಾಳೆಗೆ ‘ಪುಟ್ ಆಫ್’ ಮಾಡಿದ್ದಾರೆ.

ಹನ್ನೊಂದು ಜೋಡಿಗಳು ಬಂದವು. ಎಣಿಸಲು ಹೋಗಬೇಡಿ, ರಾತ್ರಿ ಮಲಗುವ ಮೊದಲು ಮನೆಯವರಿಗೆ ಈ ಕತೆ ಹೇಳಿ. ಕಲ್ಲಿನ ಮೇಲೆ ಕೂತ ಹುಡುಗಿ ನೆನಪಾದರೆ ‘ಗಿವ್ ಅಪ್’ ತಾನಾಗಿ ಬರುತ್ತದೆ. ಎರಡು ದಿನ ಬಿಟ್ಟು ಮತ್ತೊಮ್ಮೆ ಹೇಳಿ. ವಾರ ಕಳೆದು ಇನ್ನೊಮ್ಮೆ. ಆಮೇಲೆ ನಿಮ್ಮದೇ ಕತೆ ಕಟ್ಟಿ, ನಿಮ್ಮ ಊರಿನ ರಸ್ತೆಯಲ್ಲಿ.

ಕತೆಯನ್ನು ಜೋರಾಗಿ ಹೇಳಬೇಕೆನ್ನುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ನಾವು ಪದದ ಮೊದಲಿಗೇ ಒತ್ತು ಹಾಕುವವರು. ಇಂಗ್ಲಿಷಿನವರು ‘ಗಿವ್ ಅಪ್’ ಎನ್ನುವಾಗ ಸಾಮಾನ್ಯವಾಗಿ ದನಿ ಏರುವುದು ‘ಅಪ್’ ಮೇಲೆ. ಇನ್ನೊಂದು ಸೂಕ್ಷ್ಮವೂ ಬಾಯಿಯಿಂದಲೇ ಬರಬೇಕು. ಲಾರಿಯವನು ‘ಪಿಕ್ಡ್ ಅಪ್ ದ ಗರ್ಲ್’ ಎನ್ನಬಹುದು. ಹುಡುಗಿಯ ಜಾಗದಲ್ಲಿ ‘ಹರ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು, ‘ಪಿಕ್ಡ್ ಹರ್ ಅಪ್’. ಈ ನಿಯಮವನ್ನು ಉರು ಹೊಡೆದವರು ಮಾತಿನ ನಡುವೆ ನಿಂತು ಯೋಚಿಸುತ್ತಾರೆ. ಹತ್ತು ಸಲ ಕತೆ ಹೇಳಿದವರ ನಾಲಿಗೆ ತಾನೇ ಹೊರಳುತ್ತದೆ.

ಕಲಿತ ಮೇಲೆ ಮಿದುಳಿನಲ್ಲಿ ಏನಾಗುತ್ತದೆ? 2010ರಲ್ಲಿ ಕಪೆಲ್, ಶ್ಟಿರೋವ್ ಮತ್ತು ಪುಲ್ವರ್‌ಮ್ಯುಲರ್ ಮಿದುಳಿನ ಸೂಕ್ಷ್ಮ ಕಾಂತೀಯ ಅಲೆಗಳನ್ನು ಅಳೆಯುವ ಉಪಕರಣದಡಿ ಜನರನ್ನು ಕೂರಿಸಿ, ‘ರೈಸ್ ಅಪ್’ನಂಥ ನಿಜವಾದ ಜೋಡಿಗಳನ್ನೂ ‘ಫಾಲ್ ಅಪ್’ನಂಥ ಇಲ್ಲದ ಜೋಡಿಗಳನ್ನೂ ಕೇಳಿಸಿದರು. ಗೊತ್ತಿರುವ ಒಂಟಿ ಪದ ಕಿವಿಗೆ ಬಿದ್ದಾಗ ಮಿದುಳು, ಅರ್ಥವಿಲ್ಲದ ಸದ್ದಿಗಿಂತ ಹೆಚ್ಚು ಜೋರಾಗಿ ಮಿಡಿಯುತ್ತದೆ. ನಿಜವಾದ ಫ್ರೇಸಲ್ ವರ್ಬ್‌ಗೂ ಅದು ಮಿಡಿದದ್ದು ಹಾಗೆಯೇ. ಎರಡು ಪದಗಳೆಂದು ನಾವು ಬರೆಯುವುದನ್ನು ಅದು ಒಂದೇ ಪದವಾಗಿ ಎತ್ತಿಟ್ಟುಕೊಂಡಿತ್ತು. ‘ಕೈಕೊಡು’ ಎಂಬಲ್ಲಿ ನಮಗೆ ಕೈಯೂ ಕಾಣದು, ಕೊಡುವುದೂ ಕಾಣದು, ಅದೇ ರೀತಿ. ಕತೆಯೆಂಬುದು ಬಾಳೆಗೊನೆಗೆ ಕೊಟ್ಟ ಊರುಗೋಲು. ಗೊನೆ ಬಲಿತ ಮೇಲೆ ಅದನ್ನು ಯಾರೂ ನೋಡುವುದಿಲ್ಲ.

ಕೆಲವು ಜೋಡಿಗಳ ಹಿಂದೆ ಒಂದಿಡೀ ಕಸುಬೇ ಇದೆ. ದಿನವೂ ನಾವು ಮಾಡುವ ‘ಲಾಗ್ ಇನ್’ ಹುಟ್ಟಿದ್ದು ಕಡಲಿನಲ್ಲಿ. ಹಡಗಿನ ವೇಗ ಅಳೆಯಲು ಗಂಟುಗಳಿದ್ದ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಮರಳುಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈದಾಟಿತು ಎಂದು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಮರದ ತುಂಡು ‘ಲಾಗ್’, ಪುಸ್ತಕ ‘ಲಾಗ್‌ಬುಕ್’. ಹಲವರು ಹಂಚಿಕೊಳ್ಳುವ ಕಂಪ್ಯೂಟರುಗಳು ಬಂದಾಗ, ಹೆಸರು ದಾಖಲಿಸಿ ಒಳಗೆ ಹೋಗುವುದು ‘ಲಾಗ್ ಇನ್’ ಆಯಿತು. ಯೋಜನೆ ಫಲಿಸಿತು ಎನ್ನಲು ಬಳಸುವ ‘ಪ್ಯಾನ್ ಔಟ್’ ಅಮೆರಿಕದ ಚಿನ್ನದ ಹೊಳೆಗಳದು. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಕಂಡ ಮೇಲೆ ಜನ ಅಗಲವಾದ ಬೋಗುಣಿಯಲ್ಲಿ ಮರಳು ತುಂಬಿ, ನೀರಿನಲ್ಲಿ ತಿರುವಿ ತಿರುವಿ ತೊಳೆದರು. ತಳದಲ್ಲಿ ಹಳದಿ ಮಿನುಗಿದರೆ ‘ಪ್ಯಾನ್ ಔಟ್’. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಹುಡುಕುತ್ತಿದ್ದ ಜಲಗಾರರಿಗೆ ಈ ಪದ ಗೊತ್ತಿರಲಿಲ್ಲ. ಆ ಮಿನುಗು ಗೊತ್ತಿತ್ತು. ಬೆಂಗಳೂರಿನ ಮೂಲೆಮೂಲೆಯಲ್ಲಿರುವ ‘ಲೇಔಟ್’ ಕೂಡ ಇಂಥದೇ. ಬಯಲಿನ ಮೇಲೆ ಹಗ್ಗ ಹರಡಿ, ಗೂಟ ಹೊಡೆದು, ಬೀದಿ ಬೀದಿಯಾಗಿ ನೆಲ ಹಾಸಿದ ಚಿತ್ರ ಅದರೊಳಗಿದೆ. ಎಷ್ಟೋ ಫ್ರೇಸಲ್ ವರ್ಬ್‌ಗಳು ಹೀಗೆ ನಾಮಪದಗಳ ವೇಷದಲ್ಲಿ ನಮ್ಮ ವಿಳಾಸದೊಳಗೇ ಬಂದು ಕೂತಿವೆ.

ಅರಳಿಕಟ್ಟೆಯ ಮೇಲೆ ಪೆಚ್ಚಾಗಿ ಕೂತ ನಮ್ಮ ಹೊರನಾಡಿನವನನ್ನು ಹಾಗೆಯೇ ಬಿಟ್ಟುಬಂದೆವು. ಪಕ್ಕದಲ್ಲಿದ್ದ ಅಜ್ಜ ಅವನಿಗೆ ಅರ್ಥ ಹೇಳಲಿಲ್ಲ. ಅವನ ಕಡೆ ತಿರುಗಿ ಕೂತು ಹೋದ ವರ್ಷದ ತನ್ನ ಕತೆ ಹೇಳಿದ: ‘ರಾಗಿ ಬಿತ್ತಿದ್ದೆ ಸ್ವಾಮಿ. ಮಳೆ ಕೈಕೊಡ್ತು, ಪೈರು ಒಣಗಿಹೋಯ್ತು. ಸಾಲ ಕೇಳಿದರೆ ಸಾಹುಕಾರ ಕೈಯೆತ್ತಿಬಿಟ್ಟ. ನಾನು ಕೈಚೆಲ್ಲಿ ಇದೇ ಕಟ್ಟೆ ಮೇಲೆ ಕೂತಿದ್ದೆ. ಕೊನೆಗೆ ಕೈಹಿಡಿದವಳು ನಮ್ಮಕ್ಕ. ಎರಡು ಮೂಟೆ ರಾಗಿ ಗಾಡೀಲಿ ಹಾಕಿಸಿ ಕಳಿಸಿದಳು.’